ಅಜ್ಜಿಯ ಬೋರಮಾಳ

ಬೆವರಿದ ಕುತ್ತಿಗೆಯ ರೋಲ್ಡ್ ಗೋಲ್ಡ್ ಸರದ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ವಾಕರಿಕೆ ಬರುತ್ತದೆ.

ಅದು ಹೊಸಪೇಟೆಯ ನಮ್ಮ ಮನೆಯ ದೀಪಾವಳಿಯ ಮಧ್ಯಾಹ್ನ. ಅದಿರು ಲಾರಿಗಳ ಕೆಂಪು ಧೂಳು ಲಕ್ಷ್ಮಿಯ ಫೋಟೋದ ಮೇಲೂ ಕೂತಿತ್ತು. ಪೂಜೆಗೆ ಮುಂಚೆ ಮನೆಯ ಬಂಗಾರವನ್ನೆಲ್ಲ ಅಂಟುವಾಳದ ನೀರಿನಲ್ಲಿ ತೊಳೆದು ದೇವಿಗೆ ಹಾಕುವುದು ನಮ್ಮಲ್ಲಿ ರೂಢಿ. ತಿಕ್ಕುವ ಕೆಲಸ ನನ್ನದು. "ಈ ವರ್ಷ ತೊಳೆಯೋದು ಬ್ಯಾಡವ್ವಾ, ಹಂಗ ಹಾಕು" ಎಂದು ಕಾಕಾ ಬೆಳಗಿನಿಂದ ಹೇಳುತ್ತಲೇ ಇದ್ದ. ಅಜ್ಜಿ ಕೇಳಲಿಲ್ಲ.

ಅವಳ ಬೋರಮಾಳವನ್ನು ಬ್ರಷ್ಷಿನಿಂದ ತಿಕ್ಕಿದೆ. ಗುಂಡುಗಳ ಹೊಳಪು ಸುಲಿದು ಒಳಗಿನ ತಾಮ್ರ ಕಂಡಿತು. ನೀರು ನಾರಿತು. ಅಜ್ಜಿ ಸರವನ್ನೆತ್ತಿ ಮೂಸಿ ನೋಡಿ ಮಗನ ಕಡೆ ತಿರುಗಿದಳು.

"ನಂದು ಎಲ್ಲೈತೋ?"

"ಬ್ಯಾಂಕಿನ್ಯಾಗ ಅಡಾ ಇಟ್ಟೀನವ್ವಾ. ಆ ರೊಕ್ಕ ಕಟ್ಟಿ, ಬ್ರೋಕರ್ ಕಡೆ ಮ್ಯಾಲಷ್ಟು ಸಾಲ ತಗೊಂಡು ಮೈನಿಂಗ್ ಶೇರು ಹಿಡಿದೀನಿ. ಭಾಳ ಇಳದಾವ. ಮತ್ತ ಏರ್ತಾವ."

"ಶೇರು ಇಳದ್ರ ಸಾಲಾನೂ ಇಳೀತೈತೇನೋ?" ಎಂದು ಅಜ್ಜಿ ಆ ಸರವನ್ನು ಬಚ್ಚಲಿಗೆ ಎಸೆದಳು.

ಕಾಕಾ ನಾಚಲಿಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೆಲ್ಲದಂಥ ದನಿಯಲ್ಲಿ, "ನಾಡಿದ್ದಿನೊಳಗ ಇನ್ನಷ್ಟು ಕಟ್ಟದಿದ್ರ ಬ್ರೋಕರ್ ಶೇರೆಲ್ಲ ಮಾರಿಬಿಡ್ತಾನ. ಜುಮಕಿ ಬಿಚ್ಚು, ಪುಟ್ಟಿ" ಎಂದು ಕೈ ಚಾಚಿದ.

ಅಜ್ಜಿ ನನ್ನನ್ನು ಎದೆಗೊತ್ತಿಕೊಂಡು ಒದ್ದೆ ಕೈಗಳಿಂದ ನನ್ನ ಎರಡೂ ಕಿವಿ ಮುಚ್ಚಿದಳು. ಆ ಕೈಗಳೂ ಅದೇ ವಾಸನೆ ಹೊಡೆಯುತ್ತಿದ್ದವು.