ಮೊಳಕೆ ಕಿತ್ತ ಪಾಪ

ಗಿಡದ ಮುಂದೆ ಮಂಡಿಯೂರಿ ಕೂತ ಸಿಂಧುಜಾಳ ಕೈ ಮುಂದೆ ಹೋಗಲೊಲ್ಲದು. ಕುಂದಾ ಎಂಬಲ್ಲಿನ ಅಣೆಕಟ್ಟಿನ ನೀರು ಕಣಿವೆಯನ್ನು ನುಂಗಿದಾಗ ನೆತ್ತಿಯೊಂದನ್ನೇ ಉಳಿಸಿಕೊಂಡು ನಡುಗಡ್ಡೆಯಾದ ಗುಡ್ಡ ಅದು. ಸುತ್ತ ಮಂಜು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ತಿಳಿಯದು. ಆ ಬಿಳುಪಿನಲ್ಲಿ ಪುಟ್ಟ ನೀಲಿ ಹೂಗಳು ನಿದ್ದೆಗಣ್ಣಿನಲ್ಲೇ ತೂಗುತ್ತಿದ್ದವು.

ಈ ಗಿಡ ಬೇರೆಲ್ಲೂ ಉಳಿದಿಲ್ಲವೆಂದು ಅವಳ ನಂಬಿಕೆ. ಇಲ್ಲಿಯೂ ಇರುವುದು ಒಂದು ಮೊರದಲ್ಲಿ ಹಿಡಿಸುವಷ್ಟೇ. ಅವಳು ಸರ್ವೇ ಮಾಡಿ ಫೋಟೊ ಕಳಿಸಿದರೆ ಇಲಾಖೆಯ ಮೇಲಿನವರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಅದೇ ಗಿಡ ಇರಬಹುದು, ಇರದೆಯೂ ಇರಬಹುದು. ಬೇರುಸಹಿತ ಒಂದನ್ನು ಒಣಗಿಸಿ ಕಳಿಸಿದರೆ ನೋಡೋಣ. ಕಳಿಸದಿದ್ದರೆ ಬೇಸಿಗೆಯೊಳಗೆ ಇಲ್ಲಿ ಪ್ರವಾಸಿಗಳ ಬೋಟಿಗೆ ಕಟ್ಟೆ ಏಳುತ್ತದೆ. ಒಂದನ್ನು ಕೊಂದರೆ ಮಿಕ್ಕವು ಬದುಕುತ್ತವೆ. ಬುದ್ಧಿ ಒಪ್ಪಿತ್ತು, ಕೈ ಒಪ್ಪಲಿಲ್ಲ.

"ಏನಮ್ಮಿ, ಗಿಡಕ್ಕೆ ಪೂಜೆ ಮಾಡಕ್ಕೆ ಕೂತ್ಯಾ?"

ಹರಿಗೋಲನ್ನು ದಡಕ್ಕೆ ಕಟ್ಟಿ ಬಂದ ಹಾಲ ಮಾಮ ನಕ್ಕ. ಅವಳ ಹಟ್ಟಿಯವನೇ, ವಯಸ್ಸಾದವನು. ಹಟ್ಟಿಯಲ್ಲಿ ಯಾರು ಸತ್ತರೂ ಹೆಣದ ಪಕ್ಕ ನಿಂತು ಅವರ ಪಾಪಗಳನ್ನು ಒಂದೊಂದಾಗಿ ಹಾಡಿ ಬಿಡಿಸುವವನು ಅವನೇ. ಹೋದ ತಿಂಗಳು ಸಿಂಧುಜಾಳ ಅಜ್ಜಿಗೂ ಅವನೇ ಹಾಡಿದ್ದ.

"ಆಗ್ತಿಲ್ಲ ಮಾಮ. ಅಜ್ಜಿ ಹೋದಾಗ ನೀನೇ ಹೇಳಿದ್ಯಲ್ಲ, ಬೆಳೆಯೋ ಮೊಳಕೆ ಕಿತ್ತ ಪಾಪ ಅಂತ. ಅದೇ ಕಿವೀಲಿ ಕೂತಿದೆ."

"ಅಯ್ಯೋ ಹುಚ್ಚಿ! ಅವಳೆಲ್ಲಿ ಕಿತ್ತಳು? ಟೀ ಸೊಪ್ಪು ಬಿಟ್ರೆ ಒಂದು ಹುಲ್ಲೂ ಕಿತ್ತವಳಲ್ಲ. ಮಾಡಿರ್ಲಿ, ಬಿಡ್ಲಿ, ಎಲ್ಲಾ ಪಾಪನೂ ಎಲ್ರಿಗೂ ಹೇಳ್ಬೇಕು. ಅದು ನಮ್ಮ ಪದ್ಧತಿ."

ಅವಳ ಕಣ್ಣು ತುಂಬಿ ಹೂಗಳೆಲ್ಲ ಒಂದೇ ನೀಲಿಯಾಗಿ ಕಲಸಿಹೋದವು. ಹಾಲ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತ.

"ಯಾವುದು ಬೇಕು, ತೋರ್ಸು."

ಅಂಚಿನಲ್ಲಿದ್ದ, ಬೀಜ ಉದುರಿಸಿ ಮುಗಿಸಿದ್ದ ಒಂದನ್ನು ಅವಳು ತೋರಿಸಿದಳು. ಹಾಲ ಬೆರಳಿನಿಂದ ಸುತ್ತಲಿನ ಮಣ್ಣು ಸಡಿಲಿಸಿ, ತೊಟ್ಟಿಲಿನಿಂದ ಕೂಸನ್ನು ಎತ್ತುವ ಹಾಗೆ ಗಿಡವನ್ನು ಎತ್ತಿದ. ಅವನ ತುಟಿ ಅಲ್ಲಾಡುತ್ತಿತ್ತು. ಅಜ್ಜಿಗೆ ಹಾಡಿದ್ದ ಅದೇ ಸಾಲೆಂದು ಅವಳಿಗೆ ಗೊತ್ತಿತ್ತು.

ಮರಳುವಾಗ ಮಂಜು ಇನ್ನೂ ದಟ್ಟವಾಯಿತು. ಹರಿಗೋಲು ಮೋಡದ ಮೇಲೆ ತೇಲುತ್ತಿದ್ದಂತಿತ್ತು. ಹಿಂದೆ ತಿರುಗಿದರೆ ನಡುಗಡ್ಡೆಯೇ ಇರಲಿಲ್ಲ. ಗಿಡವನ್ನು ಕಾಗದದ ನಡುವೆ ಮಲಗಿಸಿ ಎದೆಗವಚಿಕೊಂಡಿದ್ದ ಸಿಂಧುಜಾ ಹಾಲನ ಬೆರಳುಗಳನ್ನು ನೋಡಿದಳು.

"ಮಾಮ, ಮಣ್ಣಾಗಿದೆ. ಕೈ ತೊಳ್ಕೋ."

ಸುತ್ತಲೂ ನೀರಿತ್ತು. ಹಾಲ ಹುಟ್ಟು ಹಾಕುತ್ತಲೇ ಇದ್ದ.

"ಇರ್ಲಿ ಅಮ್ಮಿ. ನಾ ಹೋದಾಗ್ಲೂ ಮೊಳಕೆ ಕಿತ್ತ ಪಾಪ ಹೇಳ್ತಾರೆ. ಹೇಳೋವ್ರು ಸುಳ್ಳು ಹೇಳ್ದಂಗೆ ಆಗ್ಬಾರ್ದು."