ನಾಲ್ಕು ಎಕರೆ ಕೆಂಪು

“ತೋಟ ಇಲ್ಲಿಂದ ದೂರ ಐತೆ. ಬಿಸಿಲು ಬೇರೆ. ಕೂತ್ಕೊಂಡು ತಿಂಡಿ ತಿನ್ನಿ,” ಎಂದರು ಬಾಣಾವರದ ಭೀಮರಾಜ್.

“ಪರವಾಗಿಲ್ಲ ಸರ್, ಇಲ್ಲೇ ನೋಡೋಣ,” ಎಂದು ಮೀನಾಕ್ಷಿ ಕೇಸರಿಬಾತಿನ ತಟ್ಟೆ ಸರಿಸಿ, ಚೀಲದಿಂದ ಉಪಗ್ರಹದ ಚಿತ್ರ ತೆಗೆದು ಹರಡಿದಳು.

ಭೀಮರಾಜ್ ಅವರಿಗೆ ಬೆವರು ಕಿತ್ತುಬಂತು. ಅವರೇ ಬರೆದು ಕಳಿಸಿದ್ದ ಕಾಗದದಲ್ಲಿ ‘ತೆಂಗಿನ ತೋಟ, ನಾಲ್ಕು ಎಕರೆ’ ಎಂದಿತ್ತು. ಅದು ಸುಳ್ಳೆಂದಾದರೆ ಮೂರು ತಿಂಗಳ ಓಡಾಟವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ.

ಮೀನಾಕ್ಷಿ ಭೂಗೋಳ ಓದಿದವಳು. ಹತ್ತು ವರ್ಷದಿಂದ ಇಂಥ ಚಿತ್ರ ನೋಡುವುದೇ ಕೆಲಸ. ಯಾವ ಕೆರೆ ಸೊರಗಿತು, ಯಾವ ಗೋಮಾಳ ಮಾಯವಾಯಿತು ಎಂದು ಮೈಸೂರಿನಲ್ಲಿ ಕೂತೇ ಹೇಳುತ್ತಾಳೆ. ಬೇಲೂರಿನಿಂದ ಅರಸೀಕೆರೆವರೆಗೆ ಅವಳ ಕಣ್ಣು ತಪ್ಪಿಸಿ ಒಂದು ಕಟ್ಟೆಯೂ ಒಣಗಿಲ್ಲ. ಅಂಥವಳಿಗೆ ಸುಳ್ಳು ಲೆಕ್ಕ ಕೊಡಲು ಹೊರಟವರ ಧೈರ್ಯ ಮೆಚ್ಚಬೇಕು!

“ಹಸಿರೇ ಇಲ್ವಲ್ಲಮ್ಮ. ಎಲ್ಲಾ ಕೆಂಪು,” ಎಂದರು ಭೀಮರಾಜ್, ಇಣುಕಿ.

“ಇದರಲ್ಲಿ ಗಿಡಮರ ಕೆಂಪಾಗೇ ಕಾಣೋದು. ನಿಮ್ಮ ಜಾಗದಲ್ಲಿ ಎರಡೇ ಎಕರೆ ಕೆಂಪಿದೆ.”

“ಮೋಡ ಅಡ್ಡ ಬಂದಿರ್ಬೇಕು.”

“ಮೋಡ ಬೆಳ್ಳಗಿರುತ್ತೆ ಸರ್.”

ಜೀಪಿನಲ್ಲಿ ಅವಳ ಜೊತೆ ಬಂದಿದ್ದ ನಾಲ್ವರೂ ತಟ್ಟೆ ಕೆಳಗಿಟ್ಟರು. ಹಿರಿಯರಾದ ಗಂಗಯ್ಯನವರು ಕೆಮ್ಮಿದರು. ಭೀಮರಾಜ್ ಅವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಬಾಗಿಲ ಬಳಿ ಹೊಸ ಶರ್ಟಿನಲ್ಲಿ ನಿಂತಿದ್ದವನು ಅವರ ಮಗ ರಾಹುಲ್, ಬೇಲೂರಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಅವನೇ ಮುಂದೆ ಬಂದ.

“ಎರಡೂ ಇಲ್ಲ ಮೇಡಂ. ಒಂದೂವರೆ. ಆ ಮೂಲೆ ನಮ್ಮ ಚಿಕ್ಕಪ್ಪಂದು. ನಡುವೆ ಬೇಲಿ ಇಲ್ಲ, ಅದಕ್ಕೆ ಚಿತ್ರದಲ್ಲಿ ಗೊತ್ತಾಗಲ್ಲ.”

“ಬಾಯಿಗೆ ಬೀಗ ಹಾಕ್ಕೊಳ್ಳೋಕಾಗಲ್ವೇನೋ ನಿಂಗೆ!” ತಾಯಿ ಲಕ್ಕಮ್ಮ ತಲೆ ಚಚ್ಚಿಕೊಂಡರು. “ಅರ್ಧ ಎಕರೆ ಉಳಿದಿತ್ತು, ಅದನ್ನೂ ಕಳೆದ!”

ಮೀನಾಕ್ಷಿ ಮೊದಲ ಸಲ ಚಿತ್ರದಿಂದ ಕಣ್ಣೆತ್ತಿ ರಾಹುಲನನ್ನು ನೋಡಿದಳು. ಉಪಗ್ರಹಕ್ಕೂ ಕಾಣದ್ದನ್ನು ತಾನಾಗಿ ಒಪ್ಪಿಕೊಂಡವರು ಈ ಹತ್ತು ವರ್ಷದಲ್ಲಿ ಅವಳಿಗೆ ಒಬ್ಬರೂ ಸಿಕ್ಕಿರಲಿಲ್ಲ. ಅವಳಿಗೆ ನಿಜಕ್ಕೂ ಖುಷಿಯಾಯಿತು. ಹಾಳೆ ಮಡಚಿ, ಗಂಗಯ್ಯನವರ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ ಪಿಸುಗುಟ್ಟಿದಳು.

“ಅಪ್ಪಾ, ಹುಡುಗ ನಂಗೆ ಒಪ್ಪಿಗೆ.”