ನನ್ನ ಮೊಂಡಿ

“ಸಾಕು ಅಂದ್ರೂ ಕೇಳಲ್ವಲ್ಲ, ಎಂಥಾ ಮೊಂಡಿ ನೀನು!” ಎಂದು ಮಾಸ್ಟರ್ ಕೂಗಿದ್ದೇ ತಡ, ಹೊಲಿಗೆ ಯಂತ್ರಗಳೆಲ್ಲ ಗಪ್‌ಚುಪ್. ಅವರು ಆಗಲೇ ಒಪ್ಪಿದ್ದ ಕಾಲರನ್ನು ಹೊಸ ಹುಡುಗಿ ಬಿಚ್ಚಿ ಮತ್ತೆ ಹೊಲಿದಿದ್ದಳು. ಬೇರೆ ಭಾಷೆಯ ಮನೆಯಿಂದ ಬಂದವಳು. ಅವಳ ಕನ್ನಡವೆಲ್ಲ ಅತ್ತೆಯ ಬಾಯಿಂದ ಕಲಿತದ್ದು. ಆ ಅತ್ತೆ ಪಕ್ಕದಲ್ಲೇ ಕೂತು ಅಂಗಿಗೆ ಗುಂಡಿ ಹಚ್ಚುತ್ತಿದ್ದಳು.

ಅತ್ತೆಯ ಸೂಜಿ ಅಲ್ಲೇ ನಿಂತಿತು. ವರ್ಷಗಳ ಹಿಂದೆ ಅತ್ತೆ ಇಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದೇ ಮಾಸ್ಟರ್ ಇದೇ ಮಾತನ್ನು ಮುಖಕ್ಕೆ ಎಸೆದಿದ್ದರು. ಅವತ್ತು ಬಟ್ಟೆ ರಾಶಿಯ ಹಿಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆದರೆ ಮನೆಯಲ್ಲಿ ಸೊಸೆ ಸೊಟ್ಟ ಹೊಲಿಗೆಯನ್ನು ಪಟ್ಟುಬಿಡದೆ ಬಿಚ್ಚಿ ನೆಟ್ಟಗೆ ಮಾಡಿದಾಗಲೆಲ್ಲ ಕೆನ್ನೆ ಹಿಂಡಿ, “ನನ್ನ ಮೊಂಡಿ ಕಣೇ ನೀನು” ಎನ್ನುತ್ತಿದ್ದಳು. ಅದು ಬೈಗುಳವೂ ಹೌದೆಂದು ಹೇಳಲು ಮನಸ್ಸೇ ಬಂದಿರಲಿಲ್ಲ.

ಸೊಸೆ ತಲೆಯೆತ್ತಿದಳು. ಮುಖದ ತುಂಬ ನಗು. “ತುಂಬಾ ಥ್ಯಾಂಕ್ಸ್ ಮಾಸ್ಟರ್! ಇಷ್ಟು ಬೇಗ ನಿಮ್ಮ ಬಾಯಲ್ಲಿ ಈ ಮಾತು ಬರುತ್ತೆ ಅಂದ್ಕೊಂಡೇ ಇರ್ಲಿಲ್ಲ” ಎಂದು ಕಾಲರನ್ನು ಅವರ ಕೈಗಿಟ್ಟಳು.

ಮಾಸ್ಟರ್ ಕಾಲರಿನ ತುದಿಗಳನ್ನು ಒಂದರ ಮೇಲೊಂದಿಟ್ಟು ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ದನಿ ತಾನಾಗಿಯೇ ಇಳಿಯಿತು. “ಈ ಮಾತಿಗೆ ಥ್ಯಾಂಕ್ಸಾ? ಯಾರು ಕಲಿಸಿದ್ದು ಇವಳಿಗೆ?”

ಅತ್ತೆ ಎದ್ದು ಬಂದು ಸೊಸೆಯ ಹೆಗಲ ಮೇಲೆ ಕೈಯಿಟ್ಟಳು.

“ನಾನೇ ಮಾಸ್ಟರ್. ನಾನು ಕಲಿತಿದ್ದು ನಿಮ್ಮತ್ರ.”